ಯುದ್ಧವಿಮಾನದ ಫೋಟೊ ತೆಗೆಯುವುದು, ಅದನ್ನು ಅಚ್ಚು ಹಾಕಿಸುವುದು: ಏರೋ ಇಂಡಿಯಾ ಇಟ್ಟುಕೊಂಡು ಒಂದು ಮಾರ್ಗದರ್ಶಿ

ಯಲಹಂಕ ವಾಯುನೆಲೆಯಲ್ಲಿ ವಿಮಾನಗಳ ದೊಡ್ಡ ಪ್ರದರ್ಶನ ಏರೋ ಇಂಡಿಯಾ ಇರುವ ವರ್ಷ ಫೆಬ್ರುವರಿ ಬಂತೆಂದರೆ ವಿದ್ಯಾರಣ್ಯಪುರದ ನಮ್ಮ ತಾರಸಿಗೆ ಬಟ್ಟೆ ಒಣಹಾಕಲು ಬರುವವರಿಗಿಂತ ಆಕಾಶ ನೋಡಲು ಬರುವವರೇ ಜಾಸ್ತಿ. ಶೋಗೆ ಕೆಲವು ದಿನ ಮೊದಲೇ ರಿಹರ್ಸಲ್ ಶುರುವಾಗುತ್ತದೆ. ಮೊದಲ ಸಲ ಕ್ಯಾಮೆರಾ ಹಿಡಿದು ನಿಂತಾಗ ನಾನು ಸದ್ದು ಬಂದ ಕಡೆಗೇ ತಿರುಗಿದೆ. ಅಲ್ಲಿ ಬರೀ ಆಕಾಶ. ಪಕ್ಕದ ಮನೆಯ ಹುಡುಗ ನಕ್ಕ. "ಅಂಕಲ್, ಸದ್ದು ಹಿಂದೆ ಬರುತ್ತೆ. ಮುಂದೆ ನೋಡಿ" ಅಂದ.

ಅವನು ಹೇಳಿದ್ದು ಸರಿ. ಒಂದು ಕಿಲೋಮೀಟರ್ ದೂರದ ಸದ್ದು ಕಿವಿಗೆ ಮುಟ್ಟಲು ಸುಮಾರು 3 ಸೆಕೆಂಡ್ ಬೇಕು. ಗಂಟೆಗೆ 900 ಕಿ.ಮೀ. ವೇಗದ ಜೆಟ್ ಅಷ್ಟರಲ್ಲಿ ಮುಕ್ಕಾಲು ಕಿಲೋಮೀಟರ್ ದಾಟಿಬಿಟ್ಟಿರುತ್ತದೆ.

ಅಲ್ಲಿಂದ ಇಲ್ಲಿಯವರೆಗೆ ಕಲಿತಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಫೋಟೊ ತೆಗೆಯುವುದು ಅರ್ಧ ಕೆಲಸ. ತೆಗೆದದ್ದು ಯಾವ ವಿಮಾನ, ಅದು ಏನು ಮಾಡುತ್ತಿತ್ತು ಅಂತ ಗೊತ್ತಿದ್ದರೆ ಮಾತ್ರ ಅದು ಅಚ್ಚಾಗುತ್ತದೆ. ಹಾಗಾಗಿ ಲೆನ್ಸಿನ ಮಾತು ಇಲ್ಲಿ ಸ್ವಲ್ಪ ಕಡಿಮೆ, ಬೇರೆ ಮಾತು ಸ್ವಲ್ಪ ಜಾಸ್ತಿ.

ಹೆಜ್ಜೆ 1: ಎಲ್ಲಿ ನಿಲ್ಲಬಾರದು ಅಂತ ಮೊದಲು ತಿಳಿದುಕೊಳ್ಳಿ

ಇದನ್ನು ಕೊನೆಗೆ ಓದೋಣ ಅಂತ ಬಿಡಬೇಡಿ. ವಾಯುನೆಲೆ ಅಂದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಪ್ರಕಾರ ನಿಷೇಧಿತ ಜಾಗ. ಒಳಗಿನ ಹ್ಯಾಂಗರ್, ರೇಡಾರ್, ಗೇಟು, ಕಾವಲು ಗೋಪುರ ಯಾವುದರ ಫೋಟೊವನ್ನೂ ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ. ಕಾಂಪೌಂಡ್ ಪಕ್ಕ ಏಣಿ ಹಾಕಿಕೊಂಡು 600 ಎಂ.ಎಂ. ಲೆನ್ಸ್ ಒಳಕ್ಕೆ ತಿರುಗಿಸಿದರೆ ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಸಂಜೆ ಕಳೆಯುವುದು ಪೊಲೀಸ್ ಠಾಣೆಯಲ್ಲಿ.

ಸರ್ಕಾರಿ ವಿಮಾನ ನಿಲ್ದಾಣಕ್ಕೂ, ಹಾರುತ್ತಿರುವ ವಿಮಾನದ ಒಳಗಿನಿಂದ ತೆಗೆಯುವ ಫೋಟೊಗೂ 1937ರ ವಿಮಾನ ನಿಯಮಗಳ 13ನೇ ನಿಯಮ ಅನ್ವಯಿಸುತ್ತದೆ. ಬೀದರ್, ಪುಣೆಯಂಥ ಕಡೆ ನಾಗರಿಕ ವಿಮಾನ ಇಳಿಯುವುದು ವಾಯುಪಡೆಯ ರನ್‌ವೇ ಮೇಲೆ. ಅಂಥ ನಿಲ್ದಾಣಗಳಲ್ಲಿ ಕಿಟಕಿಯಿಂದ ಫೋಟೊ, ವಿಡಿಯೊ ಬೇಡ ಎಂದು 2025ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಮತ್ತೊಮ್ಮೆ ಹೇಳಿತು. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಹೊರಗೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಸಾಲಾಗಿ ನಿಂತಿವೆ. ಕೈ ತುರಿಸುತ್ತದೆ, ನಿಜ. ಫೋನು ಜೇಬಲ್ಲೇ ಇರಲಿ.

ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ಜನರಿಗೆ ತೋರಿಸಲೆಂದೇ ನಡೆಸುವ ಹಾರಾಟವನ್ನು, ಜನರಿಗೆ ಬಿಟ್ಟ ಜಾಗದಿಂದ ತೆಗೆಯುತ್ತೇನೆ. ಏರೋ ಇಂಡಿಯಾ, ಅಕ್ಟೋಬರ್ 8ರ ವಾಯುಪಡೆ ದಿನದ ಆಸುಪಾಸಿನ ಪ್ರದರ್ಶನಗಳು, ಕೆಲವು ವರ್ಷ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೇಲೆ ನಡೆಯುವ ಏರ್ ಶೋ ಎಲ್ಲ ಇದರಲ್ಲಿ ಬರುತ್ತವೆ. ಗಡಿಯಲ್ಲಿ ಬಿಸಿ ಇದ್ದಾಗ ಕ್ಯಾಮೆರಾ ಮನೆಯಲ್ಲೇ. ಯಾವ ವಿಮಾನ, ಎಷ್ಟು ಹೊತ್ತಿಗೆ, ಯಾವ ಕಡೆ ಹೋಯಿತು ಅಂತ ಅಂಥ ದಿನಗಳಲ್ಲಿ ಜಾಲತಾಣಕ್ಕೆ ಹಾಕುವುದು ತಪ್ಪು. ಲೈಕ್ ಸಿಕ್ಕಿದರೂ ತಪ್ಪೇ.

ಇನ್ನು ಡ್ರೋನ್. ಏರ್ ಶೋ ಹತ್ತಿರ ಅದರ ಮಾತೇ ಎತ್ತಬೇಡಿ.

ಹೆಜ್ಜೆ 2: ಪಾಸು, ದಿನ, ಸೂರ್ಯ

ಏರೋ ಇಂಡಿಯಾ 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿದೆ. 15ನೆಯದು 2025ರ ಫೆಬ್ರುವರಿ 10ರಿಂದ 14ರವರೆಗೆ ನಡೆಯಿತು. ಮೊದಲ ಮೂರು ದಿನ ವ್ಯವಹಾರದವರಿಗೆ, ಕೊನೆಯ ಎರಡು ದಿನ ಸಾರ್ವಜನಿಕರಿಗೆ. ಬರೀ ಹಾರಾಟ ನೋಡುವ ಜಾಗಕ್ಕೆ ಎಡಿವಿಎ ಅನ್ನುತ್ತಾರೆ. ಆ ಪಾಸಿಗೆ 1000 ರೂಪಾಯಿ ಇತ್ತು. ಮಳಿಗೆಗಳು ಮತ್ತು ನೆಲದ ಮೇಲೆ ನಿಲ್ಲಿಸಿದ ವಿಮಾನಗಳೂ ಬೇಕೆಂದರೆ 2500.

ಹೊಸಬರು ಎಡಿವಿಎಗೆ ಹೋದರೆ ಸಾಕು ಅನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಪ್ರಕಟಣೆ ನಿಮ್ಮ ಗುರಿಯಾದರೆ ನಿಂತ ವಿಮಾನಗಳ ಹತ್ತಿರ ಹೋಗಲೇಬೇಕು. ಹಾರುತ್ತಿರುವ ತೇಜಸ್ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಕಾಕ್‌ಪಿಟ್ ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಿರುವ ತಂತ್ರಜ್ಞನ ಫೋಟೊ ಹತ್ತು ಜನರ ಹತ್ತಿರವೂ ಇರುವುದಿಲ್ಲ.

ಮಾಧ್ಯಮದ ಪಾಸು ಬೇಕಿದ್ದರೆ ಶೋನ ಅಧಿಕೃತ ವೆಬ್‌ಸೈಟಿನಲ್ಲಿ ಮುಂಚೆಯೇ ನೋಂದಾಯಿಸಿಕೊಳ್ಳಬೇಕು. ಒಂದು ಪತ್ರಿಕೆಯೋ ಸಂಸ್ಥೆಯೋ "ಇವರು ನಮ್ಮ ಪರವಾಗಿ ಬರುತ್ತಾರೆ" ಅಂತ ಕೊಟ್ಟ ಪತ್ರ ಕೈಯಲ್ಲಿದ್ದರೆ ಕೆಲಸ ಸಲೀಸು. ಮೊದಲ ವರ್ಷ ಸುಮ್ನೆ ಟಿಕೆಟ್ ತೆಗೆದುಕೊಂಡು ಹೋಗಿ. ಆಮೇಲೆ ಅಚ್ಚಾದ ನಾಲ್ಕು ಫೋಟೊ ತೋರಿಸಿ ಪತ್ರ ಕೇಳಿ.

ಈಗ ಸೂರ್ಯನ ವಿಷಯ. ಯಲಹಂಕದ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಫೆಬ್ರುವರಿಯಲ್ಲಿ ನಮ್ಮೂರಿನ ಸೂರ್ಯ ದಿನವಿಡೀ ದಕ್ಷಿಣದ ಕಡೆ ವಾಲಿರುತ್ತಾನೆ. ನೀವು ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ವಿಮಾನದ ನಿಮ್ಮ ಕಡೆಯ ಮೈ ಕಪ್ಪು. ಉತ್ತರಕ್ಕೆ ಮುಖ ಮಾಡಿದರೆ ಬೆಳಕು ನಿಮ್ಮ ಬೆನ್ನಿಗೆ. ಹೋಗುವ ಮುಂಚೆ ನಕ್ಷೆ ತೆರೆದು ನಿಮ್ಮ ಪಾಸಿನ ಜಾಗದಿಂದ ರನ್‌ವೇ ಯಾವ ದಿಕ್ಕಿಗಿದೆ ನೋಡಿಟ್ಟುಕೊಳ್ಳಿ. ಎದುರು ಬೆಳಕೇ ಗತಿ ಅಂತಾದರೆ ಬೇಜಾರು ಬೇಡ. ಹೊಗೆ ಬಿಡುವ ತಂಡಗಳಿಗೆ ಎದುರು ಬೆಳಕೇ ಚೆಂದ. ಹೊಗೆ ಒಳಗಿನಿಂದ ಹೊಳೆಯುತ್ತದೆ, ವಿಮಾನ ಕಪ್ಪು ಆಕಾರವಾಗಿ ಎದ್ದು ಕಾಣುತ್ತದೆ.

ಹೆಜ್ಜೆ 3: ಸಾಮಾನು

ಇದನ್ನು ಬೇಗ ಮುಗಿಸೋಣ. 100-400 ಅಥವಾ 150-600 ಎಂ.ಎಂ. ಜೂಮ್ ಒಂದು. ಕ್ರಾಪ್ ಸೆನ್ಸರ್ ಅಂದರೆ ಚಿಕ್ಕ ಸೆನ್ಸರಿನ ಕ್ಯಾಮೆರಾ ಆದರೂ ನಡೆಯುತ್ತದೆ. 400 ಎಂ.ಎಂ. ಅದರಲ್ಲಿ 600ರಷ್ಟು ಹತ್ತಿರ ಕಾಣುವುದರಿಂದ ಇಲ್ಲಿ ಅದೇ ಲಾಭ. ಜೊತೆಗೆ ಒಂದು ಸಣ್ಣ ಅಗಲ ಲೆನ್ಸ್, ಎರಡು ಬ್ಯಾಟರಿ, ಎರಡು ಕಾರ್ಡ್, ಟೋಪಿ, ನೀರು. ಟ್ರೈಪಾಡ್ ಬೇಡ. ತಲೆ ಮೇಲೆ ಹೋಗುವ ಜೆಟ್ಟನ್ನು ಟ್ರೈಪಾಡ್ ಇಟ್ಟುಕೊಂಡು ಹಿಂಬಾಲಿಸುವುದು ಎತ್ತಿನ ಗಾಡಿಯಲ್ಲಿ ಬಸ್ಸು ಹಿಡಿಯಲು ಹೋದ ಹಾಗೆ.

ಲೆನ್ಸ್ ಕೊಳ್ಳುವ ಮುಂಚೆ ಬಾಡಿಗೆಗೆ ತನ್ನಿ. ಎರಡು ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಲಕ್ಷ ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹೆಜ್ಜೆ 4: ಶೋಗೆ ಮುಂಚೆ ಕೈ ಪಳಗಿಸಿ

ತಾರಸಿ ಮೇಲೆ ನಿಂತು ಹದ್ದು ತೆಗೆಯಿರಿ. ರಸ್ತೆ ಬದಿ ನಿಂತು ಬೈಕ್ ತೆಗೆಯಿರಿ. ಕಾಲು ಸ್ವಲ್ಪ ಅಗಲಿಸಿ, ಮೊಣಕೈ ಪಕ್ಕೆಗೆ ಒತ್ತಿ, ಸೊಂಟದಿಂದ ತಿರುಗಿ. ಕೈ ಮಾತ್ರ ತಿರುಗಿಸಿದರೆ ಫೋಟೊ ಅಲುಗುತ್ತದೆ. ವಸ್ತು ಎದುರಿಗೆ ಬರುವ ಮುಂಚೆಯೇ ಹಿಂಬಾಲಿಸಲು ಶುರು ಮಾಡಿ. ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇರಿ. ಒತ್ತಿದ ತಕ್ಷಣ ನಿಲ್ಲುವುದು ಎಲ್ಲರೂ ಮಾಡುವ ತಪ್ಪು. ಇದಕ್ಕೇ ಪ್ಯಾನಿಂಗ್ ಅನ್ನುವುದು.

ನಿಂತ ವಿಮಾನಗಳ ಅಭ್ಯಾಸಕ್ಕೆ ಬೆಂಗಳೂರಿನಂಥ ಊರು ಇನ್ನೊಂದಿಲ್ಲ. ಹಳೇ ವಿಮಾನ ನಿಲ್ದಾಣದ ರಸ್ತೆಯ ಕಡೆ ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್‌ನ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯವಿದೆ. 2001ರಲ್ಲಿ ಶುರುವಾದದ್ದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೊಂದು ಮರುತ್ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು ಎಚ್‌ಎಎಲ್‌ಗಾಗಿ ವಿನ್ಯಾಸ ಮಾಡಿದ ಜೆಟ್ ಅದು. ಮೊದಲು ಹಾರಿದ್ದು 1961ರ ಜೂನ್ 17ರಂದು, ಬೆಂಗಳೂರಿನಲ್ಲೇ. ಅದರ ಸುತ್ತ ಒಂದು ಗಂಟೆ ಓಡಾಡಿ. ಯಾವ ಕಡೆಯಿಂದ ಮೂಗು ಚೂಪಾಗಿ ಕಾಣುತ್ತದೆ, ಎಲ್ಲಿ ನಿಂತರೆ ರೆಕ್ಕೆ ಮುಚ್ಚಿಹೋಗುತ್ತದೆ ಅಂತ ಕಣ್ಣಿಗೆ ರೂಢಿಯಾಗಲಿ.

ಹೆಜ್ಜೆ 5: ಶಟರ್ ಸ್ಪೀಡ್, ಇದೇ ಮುಖ್ಯ

ಒಂದು ಫೋಟೊಗೆ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೆ ಅನ್ನುವುದೇ ಶಟರ್ ಸ್ಪೀಡ್. ಜೆಟ್ಟಿಗೆ ಒಂದು ಲೆಕ್ಕ, ರೆಕ್ಕೆ ತಿರುಗುವುದಕ್ಕೆ ಇನ್ನೊಂದು.

ಜೆಟ್ಟಿನಲ್ಲಿ ಹೊರಗೆ ತಿರುಗುವ ಭಾಗ ಕಾಣುವುದಿಲ್ಲ. ಹಾಗಾಗಿ ಶಟರ್ ಎಷ್ಟು ವೇಗವಾದರೂ ತೊಂದರೆಯಿಲ್ಲ. 1/2000 ಸೆಕೆಂಡ್ ಇಟ್ಟುಕೊಳ್ಳಿ. ಮೋಡ ಇದ್ದರೆ 1/1250ಕ್ಕೆ ಇಳಿಸಿ. ಅಪರ್ಚರ್, ಅಂದರೆ ಲೆನ್ಸಿನ ಬಾಯಿ, ಎಫ್/7.1 ಅಥವಾ ಎಫ್/8. ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಆಟೊಗೆ ಬಿಟ್ಟು, 1600 ದಾಟದಂತೆ ಮಿತಿ ಹಾಕಿ. ಫೋಕಸ್ ಮೋಡ್ ಹಿಂಬಾಲಿಸುವಂಥದ್ದಿರಲಿ. ಕೆಲವು ಕ್ಯಾಮೆರಾದಲ್ಲಿ ಇದನ್ನು ಎಎಫ್-ಸಿ ಅಂತಾರೆ, ಕೆಲವದರಲ್ಲಿ ಸರ್ವೊ. ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್ ಹಾಕಿ, ಆದರೆ ಮೆಷಿನ್ ಗನ್ ಥರ ಒತ್ತಿಯೇ ಇರಬೇಡಿ. ಫೋಟೊಗಳು ಕಾರ್ಡಿಗೆ ಹೋಗುವ ಮುಂಚೆ ಕಾಯುವ ಬಫರ್ ತುಂಬಿ ಕ್ಯಾಮೆರಾ ಉಸಿರು ತೆಗೆದುಕೊಳ್ಳುವ ಹೊತ್ತಿಗೇ ಎರಡು ವಿಮಾನಗಳು ಎದುರುಬದುರು ದಾಟಿರುತ್ತವೆ. ಮೂರ್ನಾಲ್ಕು ಫೋಟೊಗಳ ಸಣ್ಣ ಸಣ್ಣ ಕಂತು ಸಾಕು.

ಹೆಲಿಕಾಪ್ಟರಿಗೆ ಬಂದಾಗ ಇದೆಲ್ಲ ಉಲ್ಟಾ. ನನ್ನ ಮೊದಲ ಧ್ರುವ್ ಫೋಟೊಗಳು ಒಂದಕ್ಕಿಂತ ಒಂದು ಸ್ಪಷ್ಟವಾಗಿದ್ದವು. ಹೆಮ್ಮೆಯಿಂದ ಒಂದು ಪತ್ರಿಕೆಗೆ ಕಳಿಸಿದೆ. ಅಲ್ಲಿಂದ ಒಂದೇ ಸಾಲಿನ ಉತ್ತರ ಬಂತು: "ಇದು ದಾರ ಕಟ್ಟಿ ತೂಗುಹಾಕಿದ ಆಟದ ಸಾಮಾನಿನ ಹಾಗಿದೆ." ನೋಡಿದರೆ ಹೌದು. ನಾಲ್ಕೂ ರೆಕ್ಕೆ ಕಡ್ಡಿ ಚುಚ್ಚಿದ ಹಾಗೆ ನಿಂತಿವೆ.

ಯಾಕೆ ಅಂತ ಲೆಕ್ಕ ಹಾಕೋಣ. ಅಂಥ ಹೆಲಿಕಾಪ್ಟರಿನ ಮೇಲಿನ ರೆಕ್ಕೆ ನಿಮಿಷಕ್ಕೆ ಸುಮಾರು 300 ಸುತ್ತು ಹೊಡೆಯುತ್ತದೆ. ಅಂದರೆ ಸೆಕೆಂಡಿಗೆ 5 ಸುತ್ತು, 1800 ಡಿಗ್ರಿ. 1/1000 ಸೆಕೆಂಡಿನಲ್ಲಿ ಅದು 2 ಡಿಗ್ರಿ ಕೂಡ ತಿರುಗುವುದಿಲ್ಲ. ಕಣ್ಣಿಗೆ ನಿಂತ ಹಾಗೇ. 1/125 ಸೆಕೆಂಡಿನಲ್ಲಿ 14 ಡಿಗ್ರಿ ತಿರುಗುತ್ತದೆ. ಆಗ ರೆಕ್ಕೆಯ ತುದಿ ಬೀಸಣಿಗೆ ಥರ ಹರಡಿ ಕಾಣುತ್ತದೆ. ಹಾರಾಟಕ್ಕೆ ಜೀವ ಬರುತ್ತದೆ.

ಆದರೆ 1/125ರಲ್ಲಿ 400 ಎಂ.ಎಂ. ಲೆನ್ಸ್ ಕೈಯಲ್ಲಿ ನಿಲ್ಲಬೇಕಲ್ವಾ? ಅದಕ್ಕೇ ಬೈಕ್ ಅಭ್ಯಾಸ ಮಾಡಿ ಅಂದಿದ್ದು. ಮೊದಲು 1/320ರಲ್ಲಿ ಹತ್ತು ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ 1/200, ಆಮೇಲೆ 1/125. ನನಗೆ ಈಗಲೂ 1/125ರಲ್ಲಿ ಇಪ್ಪತ್ತಕ್ಕೆ ಎರಡೋ ಮೂರೋ ಸರಿಯಾಗುತ್ತವೆ. ಎಚ್‌ಟಿಟಿ-40, ಡಾರ್ನಿಯರ್‌ನಂಥ ಪ್ರೊಪೆಲರ್ ವಿಮಾನಗಳಿಗೆ 1/250ರ ಆಸುಪಾಸು ಸಾಕು.

ಬೆಳಕಿನ ವಿಷಯದಲ್ಲಿ ಇನ್ನೊಂದು ಮಾತು. ಆಕಾಶ ಬೆಳ್ಳಗಿದ್ದರೆ ಕ್ಯಾಮೆರಾ ಮೋಸ ಹೋಗಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಹೆಚ್ಚಿಸುವ ಎಕ್ಸ್‌ಪೋಶರ್ ಕಾಂಪನ್ಸೇಷನ್ +0.7ರಿಂದ +1 ಇಡಿ. ಅದೇ ವಿಮಾನ ನೆಲ ಬಿಡುವಾಗ ಹಿಂದೆ ಮರಗಳಿದ್ದರೆ ಮತ್ತೆ ಸೊನ್ನೆಗೆ ತನ್ನಿ. ಇದನ್ನು ಮರೆಯದ ದಿನ ನನಗೆ ಇನ್ನೂ ಬಂದಿಲ್ಲ.

ಹೆಜ್ಜೆ 6: ಬಿಸಿಲ ಝಳಕ್ಕೆ ಮದ್ದಿಲ್ಲ

ಮಧ್ಯಾಹ್ನ ರನ್‌ವೇ ಮೇಲೆ ಗಾಳಿ ಕಾದು ಕುಣಿಯುತ್ತದೆ. ಡಾಂಬರು ರಸ್ತೆ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತದಲ್ಲ, ಅದೇ. ಅದರ ಆಚೆಗಿನ ವಿಮಾನ ಎಂಥ ಲೆನ್ಸ್ ಹಾಕಿದರೂ ಕರಗಿದ ಮೇಣದ ಹಾಗೆ ಬರುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ಯಬೇಡಿ, ನಾನು ಒಯ್ದಿದ್ದೆ. ಬೆಳಗಿನ ಹಾರಾಟದಲ್ಲಿ ಟೇಕಾಫ್ ತೆಗೆಯಿರಿ. ಬಿಸಿಲೇರಿದ ಮೇಲೆ ರನ್‌ವೇ ಬಿಟ್ಟು ಆಕಾಶ ನೋಡಿ, ಅಥವಾ ನಿಂತ ವಿಮಾನಗಳ ಕಡೆ ಹೋಗಿ. ಆದಷ್ಟು ಹತ್ತಿರದ ವಸ್ತು ತೆಗೆಯಿರಿ. ಅಷ್ಟೇ ಉಪಾಯ.

ಜೆಟ್ ಬಿರುಸಾಗಿ ತಿರುಗುವಾಗ ರೆಕ್ಕೆ ಮೇಲೆ ಬಿಳಿ ಆವಿ ಏಳುವುದನ್ನು ನೋಡಿರುತ್ತೀರಿ. ಅದಕ್ಕೆ ಗಾಳಿಯಲ್ಲಿ ತೇವ ಬೇಕು. ಬೆಂಗಳೂರಿನ ಒಣ ಫೆಬ್ರುವರಿಯಲ್ಲಿ ಅದು ಬೆಳಗ್ಗೆಯೇ ಸಿಗುವ ಸಂಭವ ಜಾಸ್ತಿ. ಅಂಥದ್ದು ಕಡಲ ತೀರದ ಶೋಗಳಲ್ಲಿ ಸುಲಭ.

ಹೆಜ್ಜೆ 7: ಶೋ ನಡೆಯುವಾಗ

ವಿಮಾನದ ಹೊಟ್ಟೆ ತೆಗೆಯುವುದು ಸುಲಭ. ತಲೆ ಮೇಲೆ ಹೋದಾಗ ಕಾಣುವುದೇ ಅದು. ಆದರೆ ಹೊಟ್ಟೆಯ ಫೋಟೊ ಯಾರಿಗೂ ಬೇಡ. ಬೆನ್ನು ಬೇಕು, ಕಾಕ್‌ಪಿಟ್ ಕಾಣಬೇಕು, ಪೈಲಟ್ಟಿನ ಹೆಲ್ಮೆಟ್ ಕಂಡರೆ ಇನ್ನೂ ಒಳ್ಳೆಯದು. ವಿಮಾನ ದೂರದಲ್ಲಿ ತಿರುವು ತೆಗೆದುಕೊಂಡು ಮತ್ತೆ ಬರುವಾಗ ಒಂದೆರಡು ಸೆಕೆಂಡ್ ಬೆನ್ನು ತೋರಿಸುತ್ತದೆ. ಆ ಜಾಗ ಯಾವುದು ಅಂತ ಮೊದಲ ದಿನ ಕ್ಯಾಮೆರಾ ಕೆಳಗಿಟ್ಟು ನೋಡಿ. ಪ್ರದರ್ಶನದ ವರಸೆಗಳು ದಿನದಿಂದ ದಿನಕ್ಕೆ ಹೆಚ್ಚು ಕಮ್ಮಿ ಒಂದೇ ಕ್ರಮದಲ್ಲಿರುತ್ತವೆ. ಎರಡನೇ ದಿನ ನೀವು ಕಾದು ಕೂತಿರಬಹುದು.

ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಒಂಬತ್ತು ವಿಮಾನ ಒಟ್ಟಿಗೆ ಬಂದಾಗ 600 ಎಂ.ಎಂ. ಹಿಡಿದು ಕೂತರೆ ಮೂರು ಮಾತ್ರ ಸಿಗುತ್ತವೆ. ಅಗಲ ಲೆನ್ಸ್ ಹಾಕಿ. ಹೊಗೆಯ ಗೆರೆ ಪೂರ್ತಿ ಬರಲಿ, ಕೆಳಗೆ ಜನರ ತಲೆಗಳೂ ಬರಲಿ. ಎರಡು ವಿಮಾನ ಎದುರುಬದುರು ದಾಟುವ ಕ್ಷಣಕ್ಕೆ ಒಂದನ್ನು ಮಾತ್ರ ಹಿಂಬಾಲಿಸಿ. ಇನ್ನೊಂದು ತಾನಾಗಿ ಚೌಕಟ್ಟಿಗೆ ಬರುತ್ತದೆ. ಎರಡನ್ನೂ ನೋಡಲು ಹೋದರೆ ಎರಡೂ ತಪ್ಪುತ್ತವೆ.

ಹದ್ದುಗಳ ಕಾಟವೂ ಇದೆ. ಆಟೊಫೋಕಸ್ಸಿಗೆ ಹದ್ದೂ ಒಂದೇ, ಸುಖೋಯ್ ಕೂಡ ಒಂದೇ. ಪೈಲಟ್‌ಗಳಿಗೆ ಇದು ಪ್ರಾಣದ ಪ್ರಶ್ನೆ. 2023ರಲ್ಲಿ ಬಿಬಿಎಂಪಿ ಇದೇ ಕಾರಣಕ್ಕೆ ವಾಯುನೆಲೆಯ ಸುತ್ತ 10 ಕಿ.ಮೀ. ಒಳಗೆ ಮಾಂಸ ಮಾರಾಟವನ್ನೇ ನಿಲ್ಲಿಸಿತ್ತು. ನಮ್ಮ ಬೀದಿಯಲ್ಲಿ ಎರಡು ವಾರ ಬಿರಿಯಾನಿ ಇರಲಿಲ್ಲ. ಫೋಟೊದವರು ಮಾಡಬೇಕಾದದ್ದು ಇಷ್ಟೇ: ಫೋಕಸ್ ವಲಯ ಚಿಕ್ಕದಿರಲಿ, ಹಿಡಿದ ಫೋಕಸ್ ಬೇಗ ಬಿಡದಂತೆ ಕ್ಯಾಮೆರಾ ಹೊಂದಿಸಿ.

ಒಂದು ಕಷ್ಟದ ಮಾತು. 2019ರ ಫೆಬ್ರುವರಿ 19ರಂದು, ಶೋ ಶುರುವಾಗುವ ಹಿಂದಿನ ದಿನ, ರಿಹರ್ಸಲ್‌ನಲ್ಲಿ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಯಲಹಂಕದ ಮೇಲೆ ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅಂಥದ್ದು ಕಣ್ಣೆದುರು ನಡೆದರೆ ನಿಮ್ಮ ಕಾರ್ಡಿನಲ್ಲಿರುವುದು ತನಿಖೆಗೆ ಬೇಕಾಗಬಹುದು. ಒಂದನ್ನೂ ಅಳಿಸಬೇಡಿ. ಬಿದ್ದ ಕಡೆಗೆ ಓಡಬೇಡಿ. ಮನೆಯವರಿಗೆ ಸುದ್ದಿ ಮುಟ್ಟುವ ಮುಂಚೆ ಜಾಲತಾಣಕ್ಕೆ ಹಾಕಲೇಬೇಡಿ.

ಹೆಜ್ಜೆ 8: ತೆಗೆದದ್ದೇನು ಅಂತ ಗೊತ್ತಿರಲಿ

ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ನಮ್ಮ ಬೀದರಿನಲ್ಲಿ. ಆಗ ಹಾರಿಸುತ್ತಿದ್ದದ್ದು ಎಚ್‌ಎಎಲ್‌ನ ಕಿರಣ್ ವಿಮಾನ. 2011ರಲ್ಲಿ ತಂಡ ನಿಂತುಹೋಯಿತು. 2015ರಲ್ಲಿ ಮತ್ತೆ ಬಂದಾಗ ವಿಮಾನ ಹಾಕ್ ಆಗಿತ್ತು. ಇದು ಗೊತ್ತಿಲ್ಲದೆ, ಹೆಸರಲ್ಲೇ ಕಿರಣ ಇದೆಯಲ್ಲ ಅಂತ, "ಕಿರಣ್ ವಿಮಾನಗಳ ಕಸರತ್ತು" ಎಂದು ಬರೆದು ಕಳಿಸಿದ್ದೆ. ಅಚ್ಚಾಗಿಯೂ ಬಿಟ್ಟಿತು. ನಿವೃತ್ತ ವಾಯುಪಡೆಯವರೊಬ್ಬರು ಪತ್ರಿಕೆಗೆ ಕಾರ್ಡು ಬರೆದರು. ಆಮೇಲೆ ಒಂದು ವರ್ಷ ಆ ಪತ್ರಿಕೆ ನನ್ನ ಒಂದು ಫೋಟೊವನ್ನೂ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದೇ.

ಬಾಲದ ಮೇಲಿನ ಅಕ್ಷರ, ಸಂಖ್ಯೆ ಕಾಣುವಂಥ ಒಂದು ಫೋಟೊ ಪ್ರತಿ ವಿಮಾನಕ್ಕೂ ಇರಲಿ. ಚೆಂದ ಬರದಿದ್ದರೂ ಚಿಂತೆಯಿಲ್ಲ, ಅದು ನಿಮ್ಮ ಟಿಪ್ಪಣಿ. ಆ ಅಕ್ಷರಗಳಲ್ಲೇ ಕಥೆ ಇದೆ. ವಾಯುಪಡೆಯ ತೇಜಸ್ ಮೇಲೆ ಎಲ್‌ಎ ಇರುತ್ತದೆ, ಸುಖೋಯ್-30 ಎಂಕೆಐ ಮೇಲೆ ಎಸ್‌ಬಿ. ರಫಾಲ್‌ನಲ್ಲಿ ಎರಡು ಸೀಟಿನದಕ್ಕೆ ಆರ್‌ಬಿ, ಒಂದು ಸೀಟಿನದಕ್ಕೆ ಬಿಎಸ್. ಇಬ್ಬರೂ ವಾಯುಪಡೆಯ ಮುಖ್ಯಸ್ಥರಾಗಿದ್ದವರು: ಮೊದಲನೆಯದು ಏರ್ ಚೀಫ್ ಮಾರ್ಷಲ್ ರಾಕೇಶ್ ಭದೌರಿಯಾ ಹೆಸರಿನಿಂದ, ಎರಡನೆಯದು ಬೀರೇಂದರ್ ಸಿಂಗ್ ಧನೋವಾ ಹೆಸರಿನಿಂದ ಬಂದದ್ದು. ಯಾವ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಅಂತ ಗೊತ್ತಾದರೆ ಇನ್ನೂ ಮೇಲು. ತೇಜಸ್ ಮೊದಲು ಸೇರಿದ್ದು 45ನೇ ಸ್ಕ್ವಾಡ್ರನ್ನಿಗೆ, 2016ರ ಜುಲೈ 1ರಂದು, ಬೆಂಗಳೂರಿನಲ್ಲಿ. ಇಂಥ ಒಂದು ಸಾಲು ನಿಮ್ಮ ಫೋಟೊ ಜೊತೆ ಹೋದರೆ ಉಪಸಂಪಾದಕರಿಗೆ ಹುಡುಕುವ ಕೆಲಸ ತಪ್ಪುತ್ತದೆ. ಅವರಿಗೆ ನಿಮ್ಮ ಮೇಲೆ ಪ್ರೀತಿ ಹುಟ್ಟುವುದು ಅಲ್ಲಿಂದಲೇ.

ಹೆಜ್ಜೆ 9: ಆರಿಸುವುದು, ತಿದ್ದುವುದು

ಒಂದು ದಿನಕ್ಕೆ ಎರಡು ಸಾವಿರ ಫೋಟೊ ಆಗುತ್ತವೆ. ಅದೇ ರಾತ್ರಿ ಮೊದಲ ಸುತ್ತಿನಲ್ಲಿ ಅಲುಗಿದ್ದು, ಬಾಲ ತುಂಡಾದದ್ದು ಎಲ್ಲ ತೆಗೆದುಹಾಕಿ. ಉಳಿದದ್ದನ್ನು ಎರಡು ದಿನ ಬಿಟ್ಟು ನೋಡಿ. ತೆಗೆದ ದಿನ ಎಲ್ಲವೂ ಚೆಂದ ಕಾಣುತ್ತವೆ. ಕೊನೆಗೆ ಇಪ್ಪತ್ತು ಉಳಿದರೆ ಒಳ್ಳೆಯ ದಿನ.

ತಿದ್ದುವಾಗ ಮೊದಲು ಕ್ಷಿತಿಜ ಸರಿಮಾಡಿ. ಆಮೇಲೆ ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಹುಡುಕಿ. ಬರಿಯ ನೀಲಿ ಆಕಾಶದಲ್ಲಿ ಅದು ಬೊಟ್ಟಿಟ್ಟ ಹಾಗೆ ಕಾಣುತ್ತದೆ. ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿ, ಚುಕ್ಕೆಗಳೆಲ್ಲ ಹೊರಬರುತ್ತವೆ. ಅಳಿಸಿ, ಕಾಂಟ್ರಾಸ್ಟ್ ವಾಪಸ್ ಇಳಿಸಿ. ಶಾರ್ಪನಿಂಗ್ ಮಿತವಾಗಿರಲಿ. ರೆಕ್ಕೆಯ ಅಂಚಿನಲ್ಲಿ ಬಿಳಿ ಗೆರೆ ಬಂದರೆ ಅತಿಯಾಯಿತು ಅಂತ ಅರ್ಥ. ಇನ್ನೊಂದು ವಿಮಾನ ತಂದು ಸೇರಿಸುವುದು, ಮೋಡ ಬದಲಿಸುವುದು, ಎಐ ಕೈಲಿ ಬೆಂಕಿ ಹಚ್ಚಿಸುವುದು ಬೇಡ. ಪತ್ರಿಕೆಗೆ ಕಳಿಸುವ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸಿದರೆ ಒಂದು ದಿನ ಸಿಕ್ಕಿಬೀಳುತ್ತೀರಿ. ಆಮೇಲೆ ನಿಮ್ಮ ನಿಜವಾದ ಫೋಟೊ ಕೂಡ ಯಾರೂ ನಂಬುವುದಿಲ್ಲ.

ಅಳತೆಯ ಲೆಕ್ಕವೂ ಇರಲಿ. ಇಂಚಿಗೆ 300 ಚುಕ್ಕೆಯಂತೆ ಎ4 ಪೂರ್ತಿ ಪುಟಕ್ಕೆ ಸುಮಾರು 2480x3508 ಪಿಕ್ಸೆಲ್ ಬೇಕು. ಎರಡು ಪುಟ ಹರಡಿದರೆ 4960x3508. 20 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಅಲ್ಲಿಗೆ ಅಂತೂ ಇಂತೂ ಮುಟ್ಟುತ್ತದೆ. ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಕತ್ತರಿಸಿದಿರೋ, ಅರ್ಧ ಪುಟಕ್ಕೇ ತೃಪ್ತಿಪಡಬೇಕು. ದೂರದ ವಿಮಾನವನ್ನು ಹಿಗ್ಗಿಸಿ ಕಳಿಸಬೇಡಿ.

ಹೆಜ್ಜೆ 10: ಅಡಿಬರಹ

"ಬಾನಂಗಳದಲ್ಲಿ ಉಕ್ಕಿನ ಹಕ್ಕಿಗಳ ಚಿತ್ತಾರ" ಅಂತ ಬರೆದರೆ ಅದು ಯಾವ ವರ್ಷಕ್ಕೂ ಆಗುತ್ತದೆ, ಯಾವ ಊರಿಗೂ ಆಗುತ್ತದೆ. ಅಂದರೆ ಯಾವುದಕ್ಕೂ ಆಗುವುದಿಲ್ಲ. ಹೀಗೆ ಬರೆಯಿರಿ:

"ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡದ ಹಾಕ್ ಎಂಕೆ-132 ವಿಮಾನಗಳು ಏರೋ ಇಂಡಿಯಾದ ಸಾರ್ವಜನಿಕ ದಿನದಂದು. ಯಲಹಂಕ ವಾಯುನೆಲೆ, ಬೆಂಗಳೂರು, 2025ರ ಫೆಬ್ರುವರಿ 13."

ಯಾರು, ಯಾವ ವಿಮಾನ, ಎಲ್ಲಿ, ಯಾವಾಗ. ಸಂಖ್ಯೆ ಕಂಡರೆ ಅದೂ ಇರಲಿ. ಇದನ್ನು ಫೈಲಿನ ಒಳಗೇ, ಫೋಟೊ ವಿವರಕ್ಕೆಂದೇ ಇರುವ ಐಪಿಟಿಸಿ ಜಾಗದಲ್ಲಿ ತುಂಬಿ, ನಿಮ್ಮ ಹೆಸರು ಮತ್ತು ಇಮೇಲ್ ಸಮೇತ. ಫೋಟೊ ಹತ್ತು ಕೈ ದಾಟಿದರೂ ಹೆಸರು ಜೊತೆಗಿರುತ್ತದೆ. ಫೈಲಿನ ಹೆಸರು ಡಿಎಸ್‌ಸಿ-4471 ಅಂತ ಬಿಡಬೇಡಿ. ದಿನಾಂಕ, ವಿಮಾನ, ನಿಮ್ಮ ಹೆಸರು ಸೇರಿಸಿ.

ಹೆಜ್ಜೆ 11: ಎಲ್ಲಿಗೆ ಕಳಿಸಬೇಕು

ಮೂರು ದಾರಿ ಇವೆ. ಮೂರನ್ನೂ ಒಟ್ಟಿಗೆ ಹಿಡಿಯಬೇಡಿ.

ಶುರುವಿಗೆ ಜೆಟ್‌ಫೋಟೋಸ್, ಏರ್‌ಲೈನರ್ಸ್.ನೆಟ್‌ನಂಥ ವಿಮಾನ ಚಿತ್ರಗಳ ತಾಣಗಳು. ದುಡ್ಡು ಬರುವುದಿಲ್ಲ. ಆದರೆ ಅಲ್ಲಿ ಪ್ರತಿ ಫೋಟೊವನ್ನೂ ಪರೀಕ್ಷಿಸುವವರಿದ್ದಾರೆ. ವಾಲಿದೆ, ಮಸುಕಾಗಿದೆ, ನಡುವಿಗಿಲ್ಲ, ಚುಕ್ಕೆ ಇದೆ ಅಂತ ಕಾರಣ ಹೇಳಿ ತಿರಸ್ಕರಿಸುತ್ತಾರೆ. ಮೊದಮೊದಲು ಕೋಪ ಬರುತ್ತದೆ. ಹತ್ತು ಸಲ ತಿರಸ್ಕಾರವಾದ ಮೇಲೆ ಆ ತಪ್ಪು ನಿಮಗೇ ಕಾಣತೊಡಗುತ್ತದೆ. ಇಷ್ಟು ಚೆನ್ನಾಗಿ ಬಿಟ್ಟಿಯಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ.

ಎರಡನೆಯದು ಪತ್ರಿಕೆಗಳು. ಶೋ ನಡೆಯುವ ವಾರ ಕನ್ನಡ ದಿನಪತ್ರಿಕೆಗಳಿಗೆ ಅವರದೇ ಛಾಯಾಗ್ರಾಹಕರಿರುತ್ತಾರೆ. ಹಾರುವ ವಿಮಾನದ ಫೋಟೊ ಒಯ್ದರೆ ಜಾಗ ಸಿಗುವುದು ಕಷ್ಟ. 2025ರಲ್ಲಿ ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಯಲಹಂಕಕ್ಕೆ ಬಂದಿದ್ದವು. ಆ ವಾರ ಅವೆರಡರ ಫೋಟೊ ಬೀದಿ ಬೀದಿಯಲ್ಲಿತ್ತು. ಪುರವಣಿಗಳಿಗೆ ಬೇಕಿರುವುದು ಕಥೆ ಇರುವ ಆರೇಳು ಚಿತ್ರ: ಧ್ರುವ್ ಮೈಮೇಲೆ ನವಿಲು ಬಿಡಿಸಿದ ಸಾರಂಗ್ ಹೆಲಿಕಾಪ್ಟರ್ ತಂಡ, ಮಳಿಗೆ ಕಟ್ಟುವ ಬಡಗಿಗಳು, ಕಾಂಪೌಂಡ್ ಹೊರಗೆ ಮರದ ಮೇಲೆ ಕುಳಿತ ಹುಡುಗರು. ಶೋಗೆ ಒಂದು ತಿಂಗಳು ಮೊದಲೇ ಕೇಳಿ. ಇಂಗ್ಲಿಷಿನಲ್ಲಿ ದೆಹಲಿಯ ವಾಯು, ಎಸ್‌ಪೀಸ್ ಏವಿಯೇಷನ್, ಬ್ರಿಟನ್ನಿನ ಏರ್‌ಫೋರ್ಸಸ್ ಮಂತ್ಲಿಯಂಥ ಪತ್ರಿಕೆಗಳಿವೆ. ಅವರ ಓದುಗರು ಬಾಲದ ಸಂಖ್ಯೆ ಓದುವ ಜನ. ಅಪರೂಪದ ಬಣ್ಣ, ಹೊಸ ಕ್ಷಿಪಣಿ ಜೋಡಿಸಿದ ತೇಜಸ್, ಮೊದಲ ಸಲ ಕಂಡ ಮಾದರಿ, ಇಂಥವು ಅವರಿಗೆ ಬೇಕು.

ಪತ್ರ ಚಿಕ್ಕದಿರಲಿ. "ನಮಸ್ಕಾರ ಸರ್" ಅಥವಾ "ನಮಸ್ಕಾರ ಮೇಡಂ", ನೀವು ಯಾರು ಅಂತ ಒಂದು ಸಾಲು, ಏನಿದೆ ಅಂತ ಎರಡು ಸಾಲು, ಬೇರೆಲ್ಲೂ ಅಚ್ಚಾಗಿಲ್ಲ ಅನ್ನುವ ಮಾತು, ಎಂಟು ಹತ್ತು ಸಣ್ಣ ಚಿತ್ರಗಳು. ಅಗಲ 1500 ಪಿಕ್ಸೆಲ್ ಇದ್ದರೆ ಸಾಕು. ದೊಡ್ಡ ಫೈಲು ಕೇಳಿದ ಮೇಲೆ ಕಳಿಸಿ. ಚಿತ್ರದ ನಡುವೆ ದಪ್ಪಕ್ಷರದ ವಾಟರ್‌ಮಾರ್ಕ್ ಹಾಕಬೇಡಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಅದಕ್ಕೂ ಬರದಿದ್ದರೆ ಬೇರೆ ಕಡೆ ಕಳಿಸಿ. ಒಂದೇ ಫೋಟೊವನ್ನು ಒಂದೇ ಸಲ ಇಬ್ಬರಿಗೆ ಕಳಿಸಿ, ಇಬ್ಬರೂ ಹಾಕಿದರೆ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ.

ಮೂರನೆಯದು ಅಲಮಿ, ಶಟರ್‌ಸ್ಟಾಕ್‌ನಂಥ ಚಿತ್ರ ಮಾರುವ ತಾಣಗಳು. ಯುದ್ಧವಿಮಾನದ ಫೋಟೊಗಳನ್ನು ಸುದ್ದಿ ಬಳಕೆಗೆ ಅಂದರೆ ಎಡಿಟೋರಿಯಲ್ ಅಂತ ಗುರುತಿಸಿ ಹಾಕಿ. ಇಲ್ಲಿ ಆದಾಯ ಹನಿ ಹನಿ. ಅಡಿಬರಹ, ಹುಡುಕುಪದ ಸರಿಯಿದ್ದರೆ ಮೂರು ವರ್ಷದ ಹಿಂದಿನ ಫೋಟೊ ಇದ್ದಕ್ಕಿದ್ದಂತೆ ಮಾರಾಟವಾಗುತ್ತದೆ.

ಹೆಜ್ಜೆ 12: ಹಕ್ಕು, ದುಡ್ಡು

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ಆದರೆ ನೀವು ಸಂಬಳಕ್ಕೆ ತೆಗೆದರೆ, ಅಥವಾ ಯಾರೋ ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕು ಅವರದ್ದಾಗುತ್ತದೆ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಕಾನೂನು ಅದನ್ನು 5 ವರ್ಷ ಎಂದು, ಜಾಗ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ತಿಳಿಯುತ್ತದೆ. ಹಾಗಾಗಿ "ಎಲ್ಲ ಹಕ್ಕು, ಶಾಶ್ವತವಾಗಿ, ಜಗತ್ತಿಗೆಲ್ಲ" ಅನ್ನುವ ಸಾಲು ಕಂಡರೆ ಪೆನ್ನು ಕೆಳಗಿಡಿ. "ಒಂದು ಸಲ ಅಚ್ಚು ಹಾಕಲು" ಅಂತ ಬದಲಿಸಿ ಕೊಡಿ ಎಂದು ಕೇಳಿ. ಎಷ್ಟೋ ಸಲ ಸುಮ್ನೆ ಬದಲಿಸುತ್ತಾರೆ, ಕೇಳುವವರೇ ಇಲ್ಲದ್ದರಿಂದ ಅದು ಹಾಗೇ ಉಳಿದಿರುತ್ತದೆ. ಇನ್ನು ಚಿತ್ರದ ಪಕ್ಕ ಹೆಸರು ಹಾಕಿಸಿಕೊಳ್ಳುವುದು 57ನೇ ಕಲಮಿನ ಹಕ್ಕು, ಅದಕ್ಕಾಗಿ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ.

ನನ್ನ ಒಂದು ಫೋಟೊವನ್ನು ಹೆಸರಿಲ್ಲದೆ ಒಂದು ಕಡೆ ಹಾಕಿದ್ದರು. ಜಗಳ ತೆಗೆಯಲಿಲ್ಲ. ಮೂಲ ರಾ ಫೈಲಿನ (ಕ್ಯಾಮೆರಾದಿಂದ ನೇರ ಬಂದ, ತಿದ್ದದ ಫೈಲು) ವಿವರ, ಅಚ್ಚಾದ ಪುಟದ ಚಿತ್ರ ಮತ್ತು ಬಿಲ್ಲು ಮೂರನ್ನೂ ಸೇರಿಸಿ ಒಂದು ಇಮೇಲ್ ಕಳಿಸಿದೆ. ಮೂರನೇ ವಾರ ದುಡ್ಡು ಬಂತು. ರಾ ಫೈಲ್ ಅಳಿಸಬೇಡಿ ಅನ್ನುವುದು ಇದಕ್ಕೇ. ಪ್ಯಾನ್, ಬ್ಯಾಂಕ್ ವಿವರ ಇರುವ ಒಂದು ಬಿಲ್ಲಿನ ನಮೂನೆ ಮೊದಲೇ ಮಾಡಿಟ್ಟುಕೊಳ್ಳಿ.

ಹೆಜ್ಜೆ 13: ಹಳೆಯದನ್ನು ಹುಡುಕಲು ಬರುವ ಹಾಗೆ ಇಡಿ

2019ರ ವಾಯುಪಡೆ ದಿನಕ್ಕೆ ಪಾಸ್ ಸಿಕ್ಕಿ ದೆಹಲಿ ಪಕ್ಕದ ಹಿಂಡನ್ ವಾಯುನೆಲೆಗೆ ಹೋಗಿದ್ದೆ. ಅವತ್ತು ಮಿಗ್-21ಗಳೂ ಹಾರಿದ್ದವು. ತೆಗೆದು, ಊರಿಗೆ ಬಂದು, ಡಿಸ್ಕಿಗೆ ಸುರಿದು ಮರೆತೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರು. ಅದರ ಹಿಂದಿನ ವಾರ ಒಂದು ಪತ್ರಿಕೆಯಿಂದ ಫೋನು. "ನಿಮ್ಮ ಹತ್ತಿರ ಮಿಗ್-21 ಇದೆಯಾ?" ಇದೆ ಅಂದೆ. ಸಂಜೆ ಆರಕ್ಕೆ ಬೇಕು ಅಂದರು. ಮೂರು ಡಿಸ್ಕು, ಮೂರರಲ್ಲೂ "ಹೊಸ ಫೋಲ್ಡರ್" ಅನ್ನುವ ಹೆಸರಿನ ಹನ್ನೊಂದು ಫೋಲ್ಡರ್. ಫೋಟೊ ಸಿಕ್ಕಿತು, ಎರಡು ದಿನ ತಡವಾಗಿ. ಪುಟದಲ್ಲಿ ಬೇರೆಯವರ ಮಿಗ್ ಹಾರುತ್ತಿತ್ತು. ಈಗ ಪ್ರತಿ ಫೋಲ್ಡರಿಗೂ ವರ್ಷ, ತಿಂಗಳು, ಊರು, ವಿಮಾನ ಅಂತ ಹೆಸರಿಡುತ್ತೇನೆ. ಎರಡು ಡಿಸ್ಕಿನಲ್ಲಿ ಪ್ರತಿ ಇಡುತ್ತೇನೆ, ಒಂದು ತಂಗಿ ಮನೆಯಲ್ಲಿರುತ್ತದೆ.